ಕಾಡಿಗೆಯ ಮೀಸೆ

ಅಥವಾ ಅದು ಕಾಡಿಗೆಯೇ ಆಗಿರಲಿಲ್ಲವೇನೋ. ಅಣ್ಣನ ಪೆನ್ನಿನ ಇಂಕಿರಬಹುದು, ಸೀಮೆಎಣ್ಣೆ ಹೀಟರಿನ ಮಸಿಯಿರಬಹುದು. ಆದರೂ ಬೆರಳ ತುದಿಯಲ್ಲಿ ಜಿಡ್ಡಿದ್ದದ್ದು ನೆನಪಿದೆ, ಆ ಜಿಡ್ಡಿಗೆ ಹರಳೆಣ್ಣೆಯ ವಾಸನೆ ಇದ್ದದ್ದು ನೆನಪಿದೆ. ಹಾಗಾಗಿ ಕಾಡಿಗೆ ಎಂದೇ ಇಟ್ಟುಕೊಂಡು ಬಂದಿದ್ದೇನೆ. ಅಮ್ಮನ ಕಾಡಿಗೆ ಡಬ್ಬಿಗೆ ಬೆರಳು ಹಾಕಿ ನಾನು ಒಂದು ಮಣ್ಣಿನ ಗೊಂಬೆಗೆ ಮೀಸೆ ಬರೆದೆ. ಆಗ ನನಗೆ ಏಳು ವರ್ಷ. ಊರು ಬಾಗ್ದಾದ್. ಗೊಂಬೆ, ಕುರ್ಚಿಯ ಮೇಲೆ ಕೂತು ಚಹಾ ಕುಡಿಯುತ್ತಿರುವ ಒಬ್ಬ ಗಂಡಸಿನದು, ಗೇಣುದ್ದವೂ ಇರಲಿಲ್ಲ. ಅದನ್ನು ಮಾಡಿದವಳು ಪಕ್ಕದ ಮನೆಯ ಸಿಹಾಮ್. ಮೀಸೆ ಮಾತ್ರ ನನ್ನದು. ಇಷ್ಟನ್ನು ನಾನು ಐವತ್ತು ದಾಟುವವರೆಗೆ ಯಾರಿಗೂ ಹೇಳಿರಲಿಲ್ಲ. ಬಾಯಿಬಿಡದೆ ಇಟ್ಟುಕೊಂಡ ನೆನಪು ಕೆಡುವುದಿಲ್ಲ ಎಂದು ನಂಬಿದ್ದೆ. ಈಗ ಆ ನಂಬಿಕೆ ಇಲ್ಲ. ನಲವತ್ತು ವರ್ಷದಲ್ಲಿ ಆ ಮೀಸೆ ನನ್ನ ಕಣ್ಣೊಳಗೇ ದಪ್ಪವಾಗುತ್ತಾ ಬಂದಿದೆ.

ಬಾಗ್ದಾದಿನ ಮನೆಯನ್ನು ನೇರವಾಗಿ ಬರೆಯಲು ನನಗೆ ಬರುವುದಿಲ್ಲ. ಅಲ್ಲಿ ಇದ್ದದ್ದು ಎರಡೇ ವರ್ಷ, ಅಲ್ಲಿಯ ಒಂದು ಫೋಟೋ ಕೂಡ ನಮ್ಮ ಆಲ್ಬಮ್ಮಿನಲ್ಲಿಲ್ಲ. ಆ ಮನೆ ನನಗೆ ಗೊತ್ತಿರುವುದು ಆಮೇಲಿನ ಮನೆಯ ಮೂಲಕ, ವಲಸೆ ಬಂದ ಈ ಹಿಮದ ದೇಶದಲ್ಲಿ, ಬರ್ಲಿಂಗ್ಟನ್ನಿನಲ್ಲಿ ನಾವು ಬೆಳೆದ ಟೌನ್‌ಹೌಸಿನ ಮೂಲಕ. ಬಾಗ್ದಾದಿನಲ್ಲಿ ಸೇತುವೆ ಕಟ್ಟುವ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಅಪ್ಪ ಇಲ್ಲಿ ಒಂದು ಕಾರ್ಖಾನೆಯ ಆಫೀಸಿನಲ್ಲಿ ಡ್ರಾಯಿಂಗ್ ಬರೆಯುವ ಕೆಲಸಕ್ಕೆ ಸೇರಿದ್ದರು. ಮನೆಯೊಳಗೆ ಬಂದ ತಕ್ಷಣ ಎಡಗಡೆ ಬೂಟು ಬಿಡುವ ಜಾಗ. ಚಳಿಗಾಲದಲ್ಲಿ ಹಿಮ ಕರಗಿ ನೀರು ಹರಿಯುತ್ತದೆಂದು ಅಲ್ಲಿ ಹಳೆಯ ಪೇಪರ್ ಹಾಸುತ್ತಿದ್ದೆವು. ಹಾಸುವ ಮೊದಲು ಅಮ್ಮ ಪ್ರತಿ ಹಾಳೆಯನ್ನೂ ತಿರುಗಿಸಿ ನೋಡುತ್ತಿದ್ದಳು. ಪ್ರಧಾನಿಯ ಫೋಟೋ ಇದ್ದರೆ ಆ ಹಾಳೆ ಪಕ್ಕಕ್ಕೆ. ಮೇಯರನದಿದ್ದರೆ ಪಕ್ಕಕ್ಕೆ. ಯಾರೆಂದು ಗೊತ್ತಾಗದ, ಕೋಟು ಹಾಕಿದ ಗಂಡಸಿದ್ದರೂ ಪಕ್ಕಕ್ಕೆ. ಕೊನೆಗೆ ನಮ್ಮ ಬೂಟುಗಳ ಅಡಿಗೆ ಬರುತ್ತಿದ್ದದ್ದು ಸೋಫಾ ಮಾರಾಟದ ಜಾಹೀರಾತು, ಹಾಕಿ ಸ್ಕೋರು ಇಷ್ಟೇ. ಅದೊಂದು ಶಾಸ್ತ್ರವೆಂದೇ ನಾನು ತಿಳಿದಿದ್ದೆ, ಹೊಸಿಲು ತುಳಿಯಬಾರದು ಎನ್ನುವ ಹಾಗೆ. ಶಾಲೆಯಲ್ಲಿ ಒಬ್ಬ ಹುಡುಗಿ ಪ್ರಧಾನಿಯ ಮುಖಕ್ಕೆ ಪೆನ್ನಿನಲ್ಲಿ ಕೋಡು ಬರೆದು ಟೀಚರಿಗೆ ತೋರಿಸಿದಳು, ಟೀಚರ್ ನಕ್ಕರು. ನಾನು ಎದ್ದು ಹೋಗಿ ಕ್ಲಾಸಿನ ಬಾಗಿಲು ಮುಚ್ಚಿ ಬಂದೆ.

ಅಡಿಗೆಮನೆಯಲ್ಲಿ ಸಿಂಕಿನ ಮೇಲೆ ಒಂದು ಕಿಟಕಿ, ಅದರಾಚೆ ರೈಲು ಹಳಿ. ಅಮ್ಮ ಮುಖ್ಯವಾದದ್ದೇನನ್ನಾದರೂ ಹೇಳಬೇಕಾದರೆ ನಲ್ಲಿ ಬಿಟ್ಟು ಆ ಸದ್ದಿನಲ್ಲಿ ಹೇಳುತ್ತಿದ್ದಳು. ಅಪ್ಪನಿಗೆ ಸಂಬಳ ಹೆಚ್ಚಾದ ವಿಷಯ, ಮೈಸೂರಿನಲ್ಲಿ ಅಜ್ಜಿ ತೀರಿಕೊಂಡ ವಿಷಯ, ನಾನು ದೊಡ್ಡವಳಾದ ವಿಷಯ, ಎಲ್ಲವೂ ನೀರಿನ ಸದ್ದಿನಲ್ಲೇ ನಮ್ಮ ಮನೆಗೆ ಬಂದವು. ಫೋನಿನ ಮೇಲೆ ಒಂದು ದಿಂಬು ಇರುತ್ತಿತ್ತು. ಫೋನು ಹೊಡೆದುಕೊಂಡರೆ ದಿಂಬಿನ ಕೆಳಗೆ ಏನೋ ನರಳಿದ ಹಾಗೆ ಕೇಳುತ್ತಿತ್ತು. ಅಪ್ಪ ಮೊದಮೊದಲು ಸುಮ್ಮನಿದ್ದರು. ಒಂದು ದಿನ ಸಿಂಕಿನ ಹತ್ತಿರ ಹೋಗಿ ನಲ್ಲಿ ನಿಲ್ಲಿಸಿದರು.

"ಇಲ್ಲಿ ಯಾರೂ ಕೇಳಿಸ್ಕೊಳ್ಳಲ್ಲ ಕಣೆ. ಇಲ್ಲಿ ಯಾರಿಗೂ ನಾವು ಬೇಕಾಗೇ ಇಲ್ಲ."

ಅಮ್ಮ ಮತ್ತೆ ನಲ್ಲಿ ತಿರುಗಿಸಿದಳು. ಆ ಮಾತು ಸಮಾಧಾನಕ್ಕೆ ಹೇಳಿದ್ದೋ ದುಃಖದಿಂದ ಹೇಳಿದ್ದೋ ನನಗೆ ಆಗ ಗೊತ್ತಾಗಲಿಲ್ಲ.

ಆ ಮನೆಯ ಹಾಲಿನ ಗೋಡೆಯ ನಡುಮಧ್ಯದಲ್ಲಿ ಹಿಂದಿನವರು ಬಿಟ್ಟುಹೋದ ಒಂದು ಮೊಳೆಯಿತ್ತು. ನಾವು ಹೊಕ್ಕ ದಿನ ಅಮ್ಮ ಮೊದಲು ನೋಡಿದ್ದು ಅದನ್ನು. "ಇಲ್ಲಿ ಯಾರ ಫೋಟೋ ಹಾಕ್ಬೇಕು ರೀ?" ಎಂದು ಅಪ್ಪನನ್ನು ಕೇಳಿದಳು, ನೀರಿನ ಬಿಲ್ಲು ಎಲ್ಲಿ ಕಟ್ಟಬೇಕು ಎಂದು ಕೇಳುವಷ್ಟೇ ಸಹಜವಾಗಿ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಶಾಲೆಯಿಂದ ವರದಿ ತಂದೆ: ಇಲ್ಲಿ ರಾಣಿಯ ಫೋಟೋ ಇದೆ, ಆಫೀಸಿನ ಮುಂದೆ. ಅಮ್ಮ ಕೇಳಿದಳು, "ರಾಜ ಎಲ್ಲಿ?" ರಾಜ ಇಲ್ಲ, ರಾಣಿ ಒಬ್ಬಳೇ ಎಂದೆ. ನವರಾತ್ರಿಗೆ ಕೂರಿಸುವ ನಮ್ಮ ಗೊಂಬೆಗಳಲ್ಲಿ ರಾಜ ರಾಣಿ ಯಾವಾಗಲೂ ಜೋಡಿ. ಒಬ್ಬಳೇ ರಾಣಿ ಅಮ್ಮನಿಗೆ ಅಪಶಕುನದ ಹಾಗೆ ಕಂಡಿರಬೇಕು. ಆ ಮೊಳೆಗೆ ಕೊನೆಗೂ ಏನೂ ತೂಗುಹಾಕಲಿಲ್ಲ. ಕೀಳಲೂ ಇಲ್ಲ. ಯಾರಾದರೂ ಬಂದು ಕೇಳಿದರೆ ಇರಲಿ ಎಂದೇನೋ.

ಬಾಗ್ದಾದಿನ ಮನೆಯಲ್ಲಿ ಮೊಳೆ ಖಾಲಿಯಿರಲಿಲ್ಲ. ಮನೆಯ ಮಾಲೀಕರೇ ಹಾಕಿಸಿದ್ದ ಅಧ್ಯಕ್ಷರ ದೊಡ್ಡ ಫೋಟೋ ಅಲ್ಲಿತ್ತು, ನಾವು ಅದನ್ನು ಮುಟ್ಟುವ ಹಾಗಿರಲಿಲ್ಲ. ಅಮ್ಮ ದೇವರ ಪಟಗಳ ಧೂಳು ಒರೆಸುವ ಬಟ್ಟೆಯಲ್ಲೇ ಅದನ್ನೂ ಒರೆಸುತ್ತಿದ್ದಳು. ಅವರಿಗೂ ಒಂದು ಹಾರ ಹಾಕೋಣ ಎಂದು ನಾನೊಮ್ಮೆ ಹೇಳಿ ಕೈಮೇಲೆ ಏಟು ತಿಂದೆ. ಬದುಕಿರುವ ಮನುಷ್ಯನ ಫೋಟೋಗೆ ಯಾರೂ ಹಾರ ಹಾಕುವುದಿಲ್ಲ ಎಂದು ಆಗ ಕಲಿತದ್ದು. ನಾನು ಹೇಳಿದ್ದು ಪ್ರೀತಿಯಿಂದ. ಈಗ ಬರೆಯಲು ಕಷ್ಟವಾಗುವುದು ಇದೇ: ನನಗೆ ಅವರೆಂದರೆ ಪ್ರೀತಿಯಿತ್ತು. ಭಾರತೀಯ ಮಕ್ಕಳ ಶಾಲೆ ದೂರವೆಂದು ಅಪ್ಪ ನನ್ನನ್ನೂ ಅಣ್ಣನನ್ನೂ ಬೀದಿಯ ಶಾಲೆಗೇ ಸೇರಿಸಿದ್ದರು. ಗುರುವಾರ ಬೆಳಿಗ್ಗೆ ಬಾವುಟದ ಮುಂದೆ ಸಾಲಾಗಿ ನಿಲ್ಲಿಸಿ ಘೋಷಣೆ ಕೂಗಿಸುತ್ತಿದ್ದರು. ಅಧ್ಯಕ್ಷರನ್ನು ಮಕ್ಕಳೆಲ್ಲ ಬಾಬಾ ಎನ್ನಬೇಕಿತ್ತು, ಅಪ್ಪ ಎಂದು. ನಾನು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದೆ. ಬೀದಿಯ ಗೋಡೆಗಳ ಮೇಲೆ ಯುದ್ಧದಲ್ಲಿ ಸತ್ತವರ ಹೆಸರು ಬರೆದ ಕಪ್ಪು ಬಟ್ಟೆಗಳು ಹೆಚ್ಚುತ್ತಾ ಹೋಗುತ್ತಿದ್ದವು, ನಾನು ಅವನ್ನೂ ಹಬ್ಬದ ತೋರಣವೆಂದುಕೊಂಡಿದ್ದೆ. ಮನೆಗೆ ಬಂದರೆ ಅಪ್ಪ ಪಿಸುದನಿಯಲ್ಲಿ ನಾವು ಇಲ್ಲಿಯವರಲ್ಲ ಎನ್ನುತ್ತಿದ್ದರು. ಹಾಗೆ ಪಿಸುಗುಟ್ಟಿ ಹೇಳಿದ್ದು ನಿಜವೆಂದು ನನಗೆ ಹೇಗೆ ಅನ್ನಿಸಬೇಕು? ಜೋರಾಗಿ ಕೂಗುವುದೇ ನಿಜವಾಗಿತ್ತು. ಆಮೇಲೆ ಬರ್ಲಿಂಗ್ಟನ್ನಿನಲ್ಲಿ ಯಾವ ಊರಿನವಳು ಎಂದು ಯಾರಾದರೂ ಕೇಳಿದರೆ ಬೆಂಗಳೂರು ಎನ್ನಬೇಕು, ಬಾಗ್ದಾದ್ ಹೆಸರು ಎತ್ತಬಾರದು ಎಂದು ಅಮ್ಮ ಕಲಿಸಿದಳು. ಬೆಂಗಳೂರಿನಲ್ಲಿ ನಾನು ಒಟ್ಟು ಒಂದು ವರ್ಷ ಇದ್ದವಳು. ಹೀಗೆ ನನಗೆ ಮೂರು ದೇಶಗಳಾದವು: ಪ್ರೀತಿಸಿ ಬಾಯಿಮುಚ್ಚಿಕೊಂಡದ್ದು ಒಂದು, ಬಾಯಲ್ಲಿ ಹೇಳಿಕೊಂಡದ್ದು ಒಂದು, ಪಾಸ್‌ಪೋರ್ಟು ಕೊಟ್ಟದ್ದು ಒಂದು.

ಸಿಹಾಮ್ ಆ ಶಾಲೆಯ ಚಿತ್ರಕಲೆಯ ಟೀಚರು, ನಮ್ಮ ಪಕ್ಕದ ಮನೆಯವಳು, ಮದುವೆಯಾಗಿರಲಿಲ್ಲ. ವಯಸ್ಸಾದ ತಾಯಿಯ ಜೊತೆ ಇದ್ದಳು. ನಡುವಿನ ಗೋಡೆ ಎದೆಯೆತ್ತರ. ಆ ಕಡೆಯಿಂದ ಒಣನಿಂಬೆಯ ಚಹಾ, ಈ ಕಡೆಯಿಂದ ಚಕ್ಕುಲಿ. ಅಮ್ಮನಿಗೆ ಅರಬ್ಬಿ ಬರುತ್ತಿರಲಿಲ್ಲ, ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಮ್ಮ ಕನ್ನಡದಲ್ಲೇ ಮಾತಾಡುತ್ತಿದ್ದಳು, ಅವಳು ಅರಬ್ಬಿಯಲ್ಲೇ ಉತ್ತರ ಕೊಡುತ್ತಿದ್ದಳು, ಇಬ್ಬರೂ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ನವರಾತ್ರಿಗೆ ಅಮ್ಮ ಗೊಂಬೆ ಕೂರಿಸಲು ಶುರು ಮಾಡಿದಾಗ ಸಿಹಾಮ್ ಗೋಡೆಯ ಆ ಕಡೆ ನಿಲ್ಲಲಾರದೆ ಒಳಗೇ ಬಂದಳು. ಮೈಸೂರಿನ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಆದರೆ ಅವಳಿಗೆ ಎಲ್ಲ ಹೊಸದು. ಪೆಟ್ಟಿಗೆಗಳ ಮೇಲೆ ಬಿಳಿ ಪಂಚೆ ಹಾಸಿ ಏಳು ಮೆಟ್ಟಿಲು. ತುತ್ತತುದಿಯಲ್ಲಿ ಅಮ್ಮನ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳು, ಮರದ ರಾಜ, ಮರದ ರಾಣಿ. ಅದರ ಕೆಳಗೆ ದೇವರುಗಳು, ಆಮೇಲೆ ಶೆಟ್ಟಿ ಶೆಟ್ಟಮ್ಮನ ಅಂಗಡಿ, ಎಲ್ಲಕ್ಕಿಂತ ಕೆಳಗೆ ಮೊಳಕೆ ಬರಿಸಿದ ಹಸಿರಿನ ಪಾರ್ಕು, ಪ್ರಾಣಿಗಳು. ಗೊಂಬೆ ಸಾಲದೆಂದು ಸಿಹಾಮ್ ಎರಡು ದಿನ ಕೂತು ಮಣ್ಣಿನಲ್ಲಿ ಬಾಗ್ದಾದಿನ ಬೀದಿಯನ್ನೇ ಮಾಡಿಕೊಟ್ಟಳು: ರೊಟ್ಟಿ ಹೊತ್ತ ಹೆಂಗಸು, ಕಲ್ಲಂಗಡಿ ಗಾಡಿ, ಚಹಾ ಕುಡಿಯುವ ಗಂಡಸು. ಅವಕ್ಕೆ ಮುಖವಿತ್ತು, ಬಣ್ಣವಿರಲಿಲ್ಲ. ಪಾರ್ಕಿನಲ್ಲಿ, ಆನೆಗೂ ಒಂಟೆಗೂ ನಡುವೆ ಅವನ್ನು ಇಟ್ಟೆವು. ಅವಳ ತಾಯಿ ಬಂದು ನೋಡಿದ್ದು ಒಮ್ಮೆ ಮಾತ್ರ. ಮುದುಕಿ ಎಲ್ಲ ಬಿಟ್ಟು ಮೇಲಿನ ಮರದ ರಾಜನನ್ನೇ ದಿಟ್ಟಿಸಿ, ಮಲಿಕ್ ಎಂದಳು, ರಾಜ ಎಂದು, ಬಹಳ ಮೆತ್ತಗೆ. ಆ ದೇಶದಲ್ಲೂ ಹಿಂದೆ ರಾಜನಿದ್ದ, ಅವನನ್ನು ಕೊಂದರು ಎಂದು ನಾನು ಓದಿದ್ದು ಬಹಳ ವರ್ಷದ ಮೇಲೆ, ಹ್ಯಾಮಿಲ್ಟನ್ನಿನ ಲೈಬ್ರರಿಯಲ್ಲಿ. ನಮಗೆ ಆಗ ಗೊತ್ತಿದ್ದದ್ದು ಇಷ್ಟೆ: ರಾಜ ಇರಬೇಕಾದ್ದು ಮೇಲೆ.

ಹತ್ತನೆಯ ದಿನ ಸಂಜೆ ಅಬು ರಾದ್ ಬಂದ. ಕಂಪನಿಗೂ ಸರ್ಕಾರಕ್ಕೂ ನಡುವೆ ಓಡಾಡುತ್ತಿದ್ದ ಅಧಿಕಾರಿ. ವಿದೇಶಿಯರು ಊರಲ್ಲಿ ಉಳಿಯುವ ಕಾಗದ, ಊರು ಬಿಡುವ ಕಾಗದ ಎರಡೂ ಅವನ ಕೈಯಲ್ಲಿದ್ದವು. ಅದಕ್ಕೇ ಅಪ್ಪ ಅವನನ್ನು ಹಬ್ಬಕ್ಕೆ ಕರೆದಿದ್ದರು. ಅವನು ಸಿಹಿಯ ಡಬ್ಬ ತಂದ, ನಕ್ಕ, ಕೋಸಂಬರಿ ಎರಡು ಸಲ ಹಾಕಿಸಿಕೊಂಡ. ಆಮೇಲೆ ಗೊಂಬೆಗಳ ಮುಂದೆ ಮೊಣಕಾಲೂರಿ ಕೂತ. ಮೇಲೆ ರಾಜನನ್ನು ನೋಡಿದ, ಕೆಳಗೆ ಪ್ರಾಣಿಗಳ ನಡುವೆ ಅಧ್ಯಕ್ಷರ ಮೀಸೆ ಹೊತ್ತ ಗೊಂಬೆಯನ್ನು ನೋಡಿದ. ಮೀಸೆ ನಾನು ಆ ಮಧ್ಯಾಹ್ನವಷ್ಟೇ ಬರೆದದ್ದು. ಗೋಡೆಯ ಫೋಟೋ ನೋಡಿಕೊಂಡು ಬರೆದೆನೋ, ಸುಮ್ಮನೆ ಬರೆದೆನೋ, ಹೇಳಲಾರೆ; ಆ ಊರಿನಲ್ಲಿ ಎಲ್ಲ ಗಂಡಸರಿಗೂ ಅಂಥದೇ ಮೀಸೆ, ಅಬು ರಾದನಿಗೂ ಅಂಥದೇ. ಅವನು ಚಹಾ ಕುಡಿಯುವ ಗೊಂಬೆಯನ್ನು ಎರಡು ಬೆರಳಲ್ಲಿ ಎತ್ತಿದ. ನನ್ನನ್ನು ಹತ್ತಿರ ಕರೆದು, ದೊಡ್ಡವರಿಗೆ ಅರ್ಥವಾಗದ ಹಾಗೆ ಮಕ್ಕಳ ಅರಬ್ಬಿಯಲ್ಲಿ ಕೇಳಿದ, ಇದನ್ನು ಯಾರು ಮಾಡಿದ್ದು, ಎಷ್ಟು ಚೆನ್ನಾಗಿದೆ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ನಮ್ಮ ಟೀಚರು, ಸಿಹಾಮ್ ಟೀಚರು ಎಂದೆ. ಮೀಸೆ ನಾನು ಬರೆದದ್ದು ಎಂದು ಹೇಳಲು ಬಾಯಿ ತೆರೆದಿದ್ದೆ. ಇಲ್ಲಿ ನೆನಪು ಎರಡು ತರಹ ಇದೆ. ಒಂದರಲ್ಲಿ ಅಷ್ಟರಲ್ಲಿ ಅವನು ನನ್ನ ಕೆನ್ನೆ ತಟ್ಟಿ ಎದ್ದುಬಿಟ್ಟ. ಇನ್ನೊಂದರಲ್ಲಿ ನನಗೆ ಏನೋ ಹೊಳೆಯಿತು, ನಾನೇ ಬಾಯಿ ಮುಚ್ಚಿಕೊಂಡೆ. ಬಹಳ ವರ್ಷ ಎರಡನೆಯದೇ ನಿಜವೆಂದು ಬದುಕಿದ್ದೇನೆ.

ಅದಾಗಿ ಕೆಲವು ದಿನಕ್ಕೆ ಶಾಲೆಯಲ್ಲಿ ಚಿತ್ರಕಲೆಗೆ ಬೇರೆ ಟೀಚರು ಬಂದರು. ಪಕ್ಕದ ಮನೆಯ ಬಾಗಿಲಲ್ಲಿ ಮುದುಕಿ ಒಬ್ಬಳೇ ಕೂತಿರುತ್ತಿದ್ದಳು, ಬೀದಿಯ ಆ ತುದಿಗೆ ಮುಖಮಾಡಿಕೊಂಡು. ಮಾತಾಡಿಸಲು ಹೋದ ನನ್ನನ್ನು ಅಪ್ಪ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ಅವರು ನನ್ನ ಮೈಮುಟ್ಟಿ ಎಳೆದದ್ದು ಅದೊಂದೇ ಸಲ. ತಿಂಗಳೊಳಗೆ ನಮಗೆ ಊರು ಬಿಡುವ ಕಾಗದ ಸಿಕ್ಕಿತು. ಬೇರೆಯವರು ಆ ಕಾಗದಕ್ಕೆ ವರ್ಷಗಟ್ಟಲೆ ಕಾಯುತ್ತಿದ್ದರು. ಗೊಂಬೆಗಳನ್ನು ಅಮ್ಮ ಟ್ರಂಕಿಗೆ ತುಂಬಿದಳು. ಮಣ್ಣಿನವನ್ನು ಬಿಟ್ಟು.

ಬರ್ಲಿಂಗ್ಟನ್ನಿನಲ್ಲಿ ಅಮ್ಮ ಗೊಂಬೆ ಕೂರಿಸುವುದನ್ನು ನಿಲ್ಲಿಸಲಿಲ್ಲ. ಬೇಸ್‌ಮೆಂಟಿನಲ್ಲಿ, ಮನೆ ಬಿಸಿಮಾಡುವ ಫರ್ನೇಸಿನ ಪಕ್ಕ, ನೆಲದ ಮಟ್ಟದ ಪುಟ್ಟ ಕಿಟಕಿಗೆ ಹಳೆಯ ಸೀರೆ ಕಟ್ಟಿ ಕೂರಿಸುತ್ತಿದ್ದಳು. ನಾವು ನಾಲ್ಕೇ ಜನ ನೋಡುವುದು. ಗೊಂಬೆ ಕೂರಿಸುವುದೇ ಬೀದಿಯವರನ್ನು ಕರೆದು ಆರತಿ ಮಾಡಿ ಮಕ್ಕಳ ಕೈಗೆ ಬಾಗಿನ ಕೊಡುವುದಕ್ಕೆ. ಯಾರನ್ನೂ ಕರೆಯದೆ ಬಾಗಿಲು ಹಾಕಿಕೊಂಡು ಕೂರಿಸಿದ ಮನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ವರ್ಷ ಹತ್ತಿರದಲ್ಲೇ ಇದ್ದ ಉಡುಪಿ ಕಡೆಯ ಹೆಂಗಸೊಬ್ಬರು ಹೇಳದೆ ಕೇಳದೆ ಬಂದರು. ಅಮ್ಮ ಬಾಗಿಲಲ್ಲೇ ನಿಂತು ಕುಂಕುಮ ಕೊಟ್ಟಳು. "ನಿಮ್ಮಲ್ಲಿ ಗೊಂಬೆ ಇಡುದಿಲ್ವಾ? ಮೈಸೂರಿನವರಲ್ವಾ ನೀವು?" ಎಂದು ಅವರು ಕೇಳಿದರು. ಇಲ್ಲ ಎಂದಳು ಅಮ್ಮ. ಬೇಸ್‌ಮೆಂಟಿನಿಂದ ಊದುಬತ್ತಿಯ ಹೊಗೆ ಮೇಲೆ ಬರುತ್ತಿತ್ತು. ಅವರು ಮೂಗು ಎಳೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡ ನನಗೆ ಅನ್ನಿಸಿದ್ದು ಒಂದೇ: ಇದು ನನ್ನಿಂದ. ನಾನು ಬಾಯಿಬಿಟ್ಟದ್ದಕ್ಕೆ ನಮ್ಮ ಮನೆಗೆ ಯಾರೂ ಬರುವ ಹಾಗಿಲ್ಲ. ಪ್ರತಿ ವರ್ಷ ಪಾರ್ಕು ಜೋಡಿಸುವ ಕೆಲಸ ನನ್ನದಾಗಿತ್ತು. ಆನೆಗೂ ಒಂಟೆಗೂ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ ಬಿಟ್ಟು ಜೋಡಿಸುತ್ತಿದ್ದೆ. ಯಾರೂ ಅದನ್ನು ಕೇಳಲಿಲ್ಲ, ಸರಿಸಲೂ ಇಲ್ಲ. ಹೀಗಾಗಿಯೇ ನಾನು ಮಾತು ಕಡಿಮೆಯವಳಾದೆ. ಯಾರಾದರೂ ಯಾರ ಬಗ್ಗೆಯಾದರೂ ಕೇಳಿದರೆ ಒಳ್ಳೆಯದನ್ನು ಕೂಡ ಹೇಳುವ ಮುಂಚೆ ತಡೆದು ನಿಲ್ಲುತ್ತೇನೆ. ಮಾರ್ಕಮ್ಮಿನ ನನ್ನ ಆಫೀಸಿನಲ್ಲಿ ಇದನ್ನು ಗಾಂಭೀರ್ಯವೆಂದು ತಿಳಿದಿದ್ದಾರೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಜಾರ್ಜ್‌ಟೌನಿನಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಈಚಿನ ನವರಾತ್ರಿಯಲ್ಲಿ ಅಣ್ಣನ ಮಗಳು ಮೈತ್ರಿ, ಇಲ್ಲೇ ಹುಟ್ಟಿ ಬೆಳೆದವಳು, ಅಜ್ಜಿಯನ್ನು ಕೇಳದೆ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಟ್ಟಳು: ಭಾನುವಾರ ನಾಲ್ಕು ಗಂಟೆಗೆ ನಮ್ಮ ಮನೆಯ ಗೊಂಬೆ ನೋಡಲು ಎಲ್ಲರೂ ಬನ್ನಿ. ನಲವತ್ತು ಜನ ಬರುತ್ತೇವೆಂದರು. ಅಮ್ಮ ಬೆಳಿಗ್ಗೆಯೇ ಬೇಸ್‌ಮೆಂಟಿಗೆ ಇಳಿದು ಗೊಂಬೆಗಳನ್ನು ವಾಪಸು ಟ್ರಂಕಿಗೆ ತುಂಬಲು ಶುರು ಮಾಡಿದ್ದಾಳೆ, ನೀನು ಬಾ ಎಂದು ಅಣ್ಣ ಫೋನ್ ಮಾಡಿದ. ನಾನು ಹೋದಾಗ ಮೆಟ್ಟಿಲುಗಳು ಅರ್ಧ ಖಾಲಿ. ಅಮ್ಮ ರಾಜನನ್ನು ತೊಡೆಯ ಮೇಲಿಟ್ಟುಕೊಂಡು ಮಡಿಸುವ ಕುರ್ಚಿಯಲ್ಲಿ ಕೂತಿದ್ದಳು. ಮೈತ್ರಿ ಎದುರಿಗೆ ನೆಲದ ಮೇಲೆ.

"ಅಜ್ಜಿ, ಇಟ್ಸ್ ಜಸ್ಟ್ ಡಾಲ್ಸ್. ಪೀಪಲ್ ವಿಲ್ ಲವ್ ಇಟ್."

"ಪ್ರೀತಿ ಮಾಡೋರೇ ಕಣೆ ಬಂದು ನೋಡೋದು," ಎಂದಳು ಅಮ್ಮ.

ಮೈತ್ರಿ ನನ್ನ ಮುಖ ನೋಡಿದಳು. ನಾನು ಅವಳನ್ನು ಮೇಲೆ ಕಳಿಸಿದೆ. ಫರ್ನೇಸು ಬುಸ್ಸೆಂದು ಹತ್ತಿಕೊಂಡಿತು. ಅದರ ಸದ್ದು ಇದ್ದದ್ದರಿಂದಲೇ ಇರಬೇಕು, ನನಗೆ ಹೇಳಲು ಬಂದದ್ದು. ಕಾಡಿಗೆಯಿಂದ ಹಿಡಿದು ಕೆನ್ನೆ ತಟ್ಟಿದ್ದರ ತನಕ ಎಲ್ಲ ಹೇಳಿದೆ. ಸಿಹಾಮ್ ಎಂಬ ಹೆಸರನ್ನು ಆ ಮನೆಯೊಳಗೆ ಉಚ್ಚರಿಸಿದ್ದು ಅದೇ ಮೊದಲು ಎಂದುಕೊಂಡೆ. ಅಮ್ಮ ಅಳಲಿಲ್ಲ, ಬೆಚ್ಚಲೂ ಇಲ್ಲ. ರಾಜನ ಪೇಟದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ನೀನು ಹೇಳಿದ್ದು ಯಾರಿಗೆ ಬೇಕಾಗಿತ್ತೇ, ವಸು? ಏಳು ವರ್ಷದ ಹುಡುಗಿ ಮಾತು."

"ಅವನು ಕೇಳಿದ್ದು ನನ್ನನ್ನೇ, ಅಮ್ಮ. ಮೀಸೆ ನಂದು ಅಂತ ನಾನು ಹೇಳಲಿಲ್ಲ."

"ನನ್ನ ಕಾಡಿಗೆ ಡಬ್ಬೀಲಿ ಬೆರಳು ಹೋಗಿದ್ದು ನಂಗೆ ಗೊತ್ತಾಗಲ್ವಾ? ಅದಲ್ಲ. ಎರಡು ದಿನ ಬಿಟ್ಟು ಇಬ್ಬರು ಬಂದ್ರು. ನೀವಿಬ್ರೂ ಸ್ಕೂಲಲ್ಲಿದ್ರಿ, ನಿಮ್ಮಪ್ಪ ಸೈಟಲ್ಲಿದ್ರು. ನಮ್ಮ ನಾಲ್ಕೂ ಜನದ ಪಾಸ್‌ಪೋರ್ಟು ಅವರ ಕೈಲಿತ್ತು. ಈ ಮನೆಗೆ ಯಾರ್ಯಾರು ಬರ್ತಾರೆ, ಏನೇನು ಮಾತಾಡ್ತಾರೆ ಅಂತ ಕೇಳಿದ್ರು. ನಾನು ಹೇಳ್ದೆ."

"ಏನಂತ?"

"ಬರ್ತಿದ್ದಿದ್ದು ಅವಳೊಬ್ಬಳೇ. ಇನ್ನೇನಂತ ಹೇಳಲಿ?"

ಆಮೇಲೆ ನನ್ನ ಕೈಗೆ ರಾಜನನ್ನು ಕೊಟ್ಟು, ಮೇಲಿಡು ಎಂದಳು. ಗೊಂಬೆಗಳನ್ನು ಮತ್ತೆ ನಾವಿಬ್ಬರೇ ಕೂರಿಸಿದೆವು. ಬರುವವರು ಬರಲಿ, ಫೋಟೋ ಮಾತ್ರ ಯಾರೂ ತೆಗೆಯಬಾರದು ಎಂದು ಮೈತ್ರಿಗೆ ಹೇಳಿಕಳಿಸಿದಳು. ನಾಲ್ಕು ಗಂಟೆಗೆ ಜನ ಬಂದರು, ಮಕ್ಕಳು ಕಿರುಚಾಡಿದವು, ಯಾರೋ ಹಾಡಿದರು. ಅಮ್ಮ ರೇಷ್ಮೆ ಸೀರೆಯುಟ್ಟು ಒಬ್ಬೊಬ್ಬರಿಗೂ ಕುಂಕುಮ ಕೊಟ್ಟಳು. ನಾನು ಪಾನಕ ಹಂಚಿದೆ. ಮೈ ಹಗುರಾಗಿತ್ತು, ಅದಕ್ಕೆ ನಾಚಿಕೆಯೂ ಆಗುತ್ತಿತ್ತು. ನನ್ನ ಎದೆಯ ಭಾರ ಎಂಬತ್ತು ದಾಟಿದ ಹೆಂಗಸಿನ ತಲೆಗೆ ಹೋಗಿತ್ತು, ನಾನು ಪಾನಕ ಹಂಚುತ್ತಿದ್ದೆ.

ಹೊರಡುವಾಗ ಅಣ್ಣ ಡ್ರೈವ್‌ವೇವರೆಗೆ ಬಂದ. ಬಾಗ್ದಾದಿನಲ್ಲಿದ್ದಾಗ ಅವನಿಗೆ ಹತ್ತು ವರ್ಷ. ನನಗಿಂತ ಹೆಚ್ಚು ನೆನಪಿರಬೇಕಾದವನು, ಒಮ್ಮೆಯೂ ಆ ಮಾತು ತೆಗೆದವನಲ್ಲ. ಕಾರಿಗೆ ಒರಗಿ ನಿಂತು ಮೀಸೆಯ ಕಥೆಯನ್ನೂ ಅಮ್ಮ ಹೇಳಿದ್ದನ್ನೂ ಅವನಿಗೆ ಹೇಳಿದೆ. ಅವನು ಎಲೆಗಳನ್ನು ಬೂಟಿನಿಂದ ಒತ್ತರಿಸುತ್ತಾ ಕೇಳಿದ.

"ಇಬ್ಬರು ಬಂದಿದ್ರು ಅಂತ ಹೇಳಿದ್ಳಾ? ನಂಗೆ ಹಾಗೆ ಹೇಳೇ ಇಲ್ಲ. ಅಪ್ಪ ತೀರ್ಕೊಂಡ ವರ್ಷ ನಾನು ಕೇಳಿದ್ದೆ. ಸಿಹಾಮ್‌ಗೆ ಏನೂ ಆಗಿಲ್ಲ, ಮದುವೆ ಆಗಿ ಬೇರೆ ಊರಿಗೆ ಹೋದ್ಲು, ಆಮೇಲೆ ತಾಯಿನೂ ಕರೆಸ್ಕೊಂಡ್ಲು ಅಂದ್ಳು."

"ನೀನ್ಯಾಕೆ ಕೇಳಿದ್ದೆ, ಅಣ್ಣ?"

ಪಕ್ಕದ ಮನೆಯಾತ ಹುಲ್ಲಿನ ಮೇಲಿನ ಎಲೆ ಗುಡಿಸುತ್ತಾ ಕೈಯೆತ್ತಿದ, ನಾವಿಬ್ಬರೂ ಕೈಯೆತ್ತಿದೆವು.

"ಕ್ಲಾಸಲ್ಲಿ ನಾನು ಹೇಳಿದ್ದೆ ಕಣೇ, ನಮ್ಮನೇಲಿ ರಾಜ ಇದಾನೆ, ಎಲ್ಲರಿಗಿಂತ ಮೇಲೆ ಕೂತಿದಾನೆ ಅಂತ. ಜಂಬಕ್ಕೆ. ಸಿಹಾಮ್ ಟೀಚರ್ರೂ ದಿನಾ ಬಂದು ನೋಡ್ತಾರೆ ಅಂತಾನೂ ಹೇಳಿದ್ದೆ. ಟೀಚರು ಎರಡು ಸಲ ಹೇಳಿಸಿದ್ರು. ಆ ಗೊಂಬೆಗೆ ಮೀಸೆ ಮೊದಲಿಂದಲೂ ಇತ್ತಲ್ಲೇ. ಅವಳೇ ಮಾಡಿದ್ದು."

ಅವನ ದನಿ ಗಟ್ಟಿಯಾಗಿತ್ತು, ನನ್ನ ಬೆರಳಿನ ಜಿಡ್ಡಿನಷ್ಟೇ. ಒಂದೇ ಮನೆಯಲ್ಲಿ, ಒಂದೇ ಮೇಜಿನ ಸುತ್ತ ಹುಳಿಯನ್ನ ಕಲಸಿಕೊಂಡು ತಿನ್ನುತ್ತಾ, ಇಬ್ಬರು ಮಕ್ಕಳು ಒಬ್ಬಳೇ ಹೆಂಗಸನ್ನು ಬೇರೆ ಬೇರೆಯಾಗಿ ಹಿಡಿದುಕೊಟ್ಟು ಬೆಳೆದಿದ್ದೆವು. ಅಮ್ಮನಿಗೆ ಅದು ಗೊತ್ತಿತ್ತೆಂದು ಈಗ ಅನ್ನಿಸುತ್ತದೆ. ಅಣ್ಣ ಕೇಳಿದಾಗ ಸಿಹಾಮ್‌ಗೆ ಏನೂ ಆಗಲೇ ಇಲ್ಲ ಎಂದಳು. ನಾನು ಅಷ್ಟಕ್ಕೆ ನಂಬುವವಳಲ್ಲ ಎಂದು ನನಗೆ ತಾನೇ ಮಾಡಿದ್ದು ಎಂದಳು. ಅಥವಾ ನನಗೆ ಹೇಳಿದ್ದೇ ನಿಜ. ಪಾಸ್‌ಪೋರ್ಟುಗಳ ಬಣ್ಣ, ಆ ಇಬ್ಬರು ಕೂತ ಕುರ್ಚಿ ಇವನ್ನೆಲ್ಲ ಕೇಳೋಣವೆಂದು ಮರುವಾರ ಹೋದೆ. ಅಮ್ಮ ನನ್ನನ್ನು ನೋಡಿ, ಕೇಳುವ ಮೊದಲೇ, ಸಾಕು ಬಿಡು ಎಂದಳು. ಕಾಡಿಗೆಯ ಮಾತನ್ನಾದರೂ ಅವಳು ತಾನಾಗಿ ಎತ್ತಿದ್ದಲ್ಲ, ನಾನು ಹೇಳಿದ ಮೇಲೆ ಹೇಳಿದ್ದು. ಅದನ್ನೂ ಸಾಕ್ಷಿಯೆಂದು ಹಿಡಿಯಲಾರೆ. ಅಪ್ಪ ಏನನ್ನು ಹೊತ್ತುಕೊಂಡು ಹೋದರೆಂದು ನಾವು ಯಾರೂ ಕೇಳಲಿಲ್ಲ. ಅಷ್ಟು ಬೇಗ ಆ ಕಾಗದ ಅವರಿಗೆ ಹೇಗೆ ಸಿಕ್ಕಿತೆಂದೂ ಕೇಳಲಿಲ್ಲ.

ಬಾಗ್ದಾದಿನಲ್ಲಿ ಆಗ ಕಾಣೆಯಾದವರನ್ನು ಹುಡುಕಿಕೊಡುವವರು ಈಗ ಇದ್ದಾರೆ. ಈ ಚಳಿಗಾಲದಲ್ಲಿ ಅವರಿಗೆ ಬರೆಯಬೇಕೆಂದು ಕಂಪ್ಯೂಟರಿನ ಮುಂದೆ ಕೂತೆ. ಮೊದಲ ಸಾಲಿನಲ್ಲೇ ನಿಂತೆ. ಅಣ್ಣನಿಗೆ ಫೋನ್ ಮಾಡಿದೆ, ಅವನು ಅಮ್ಮನನ್ನು ಕೇಳಿದ. ಸಿಹಾಮ್‌ಳ ತಂದೆಯ ಹೆಸರೇನು, ಮನೆತನದ ಹೆಸರೇನು, ಹುಟ್ಟಿದ ಊರು ಯಾವುದು, ನಮಗೆ ಗೊತ್ತಿಲ್ಲ. ಅವಳನ್ನು ಹಿಡಿದುಕೊಂಡು ಹೋದರೋ, ಅವಳೇ ಹೋದಳೋ ಗೊತ್ತಿಲ್ಲ. ಅವಳು ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲ. ಅವಳ ಹೆಸರು ಹೇಳಿದ್ದು ನಾನೋ, ಅಣ್ಣನೋ, ಅಮ್ಮನೋ, ಅಪ್ಪನೋ, ನಮ್ಮಲ್ಲಿ ಯಾರೂ ಅಲ್ಲವೋ, ಅದೂ ಗೊತ್ತಿಲ್ಲ.